ಹದಿನಾಲ್ಕು ಹಳದಿ ಚೀಟಿಗಳು

“ಇದೂ ಇಲ್ಲ,” ಎಂದು ಪ್ರಧಾನ ಸಂಪಾದಕಿ ಹದಿನಾಲ್ಕನೆಯ ಚೀಟಿಯನ್ನು ಮೇಜಿನ ಮೇಲೆ ಕವುಚಿ ಹಾಕಿದರು. “ಹದಿನಾಲ್ಕಕ್ಕೆ ಹದಿನಾಲ್ಕೂ ಇಲ್ಲ.”

ಮೇಜಿನ ಈಚೆ ನಿಂತಿದ್ದ ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗದಿದ್ದಾಗ ತಲೆಯಾಡಿಸುವುದು ಅವನ ಹಳೆಯ ರೂಢಿ. ಆಡಿಸಿದ.

“ನೀವೇ ಓದಿ. ‘ನೀರಿಗೇನೂ ಕೊರತೆಯಿಲ್ಲ.’ ‘ಮಾತಿಗೆ ಕೊರತೆಯಿಲ್ಲ ಅವನ ಹತ್ರ.’ ‘ಯಾವುದಕ್ಕೂ ಕೊರತೆಯಿಲ್ಲ.’ ಕೊರತೆ ಅಂತ ಅರ್ಥ ಇರೋ ಡರ್ತ್ ಅನ್ನೋ ಪದಕ್ಕೆ ಇವು ಹೇಗೆ ಉದಾಹರಣೆ ಆಗ್ತವೆ? ಆನೆ ಅನ್ನೋ ಪದಕ್ಕೆ ‘ಇಲ್ಲಿ ಆನೆ ಇಲ್ಲ’ ಅಂತ ಹದಿನಾಲ್ಕು ಸಲ ಬರೆದರೆ ಓದೋನಿಗೆ ಆನೆ ಕಾಣುತ್ತಾ?”

“ಇಂಗ್ಲಿಷಿನಲ್ಲೂ ಅದು ಎಷ್ಟೋ ಸಲ ‘ನೋ’ ಜೊತೆಗೇ ಬರುತ್ತೆ ಮೇಡಂ. ‘ನೋ ಡರ್ತ್’ ಅಂತ. ನಾನು ಪತ್ರಿಕೆಗಳಲ್ಲಿ...”

“ಬರಲಿ. ಅದನ್ನೂ ಹಾಕೋಣ. ಒಂದಾದ್ರೂ ‘ಇದೆ’ ಅನ್ನೋದು ಬೇಕಲ್ಲ?”

ಹೊರಗೆ ಒಳ್ಳೆಯ ಬಿಸಿಲಿತ್ತು. ಕಿಟಕಿಯ ಗಾಜನ್ನು ಯಾರೋ ಆಗತಾನೆ ಒರೆಸಿದ್ದರು. ಇಂಥ ಬೆಳಿಗ್ಗೆ ಬೈಸಿಕೊಳ್ಳುವುದೂ ಅಷ್ಟೇನೂ ಕೆಟ್ಟದಲ್ಲ ಎಂದು ಅವನಿಗೆ ಅನ್ನಿಸಿತು.

ಆ ಕಚೇರಿಯಲ್ಲಿ ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲಿ ನಿಘಂಟು ತಯಾರಾಗುತ್ತಿತ್ತು. ಒಂದೊಂದು ಪದಕ್ಕೂ ಮೂರು ಬಣ್ಣದ ಚೀಟಿ. ಅರ್ಥಕ್ಕೆ ಬಿಳಿ, ಹುಟ್ಟಿಗೆ ನೀಲಿ, ಬಳಕೆಗೆ ಹಳದಿ. ಬಿಳಿ ಮತ್ತು ನೀಲಿ ಚೀಟಿಗಳನ್ನು ಪುಸ್ತಕ ನೋಡಿ ತುಂಬಬಹುದು. ಹಳದಿಗೆ ಮಾತ್ರ ಕಟ್ಟುನಿಟ್ಟಿನ ನಿಯಮವಿತ್ತು. ಅದರ ಮೇಲೆ ಬರೆಯುವ ಕನ್ನಡ ವಾಕ್ಯ ಕೇಳಿದ್ದಾಗಿರಬೇಕು, ಕಟ್ಟಿದ್ದಾಗಿರಬಾರದು. ಯಾರೋ ಒಬ್ಬರು ತಮ್ಮ ಪಾಡಿಗೆ ತಾವು ಆಡಿದ್ದನ್ನು ಕಿವಿಯಾರೆ ಕೇಳಿ ಹಾಗೆಯೇ ಇಳಿಸಿಕೊಳ್ಳಬೇಕು. ಪದವನ್ನು ನಾವಾಗಿ ಎತ್ತಿಕೊಟ್ಟು ಹೇಳಿಸಬಾರದು. ಕೆಳಗೆ ಆಡಿದವರ ವಯಸ್ಸು, ಕಸುಬು, ದಿನಾಂಕ. ಹೆಸರು ಬೇಡ.

ಹಿಂದೊಮ್ಮೆ ಒಬ್ಬ ಉಪಸಂಪಾದಕ ಮನೆಯಲ್ಲೇ ಕೂತು ನಲವತ್ತು ವಾಕ್ಯ ಕಟ್ಟಿ ತಂದಿದ್ದ. ಎಲ್ಲವೂ ವ್ಯಾಕರಣಶುದ್ಧವಾಗಿದ್ದುದರಿಂದಲೇ ಸಿಕ್ಕಿಬಿದ್ದ. ಆಮೇಲೆ ಅವನನ್ನು ಆ ಕಟ್ಟಡದಲ್ಲಿ ಯಾರೂ ನೋಡಲಿಲ್ಲ.

ಈಗ ಸಂಪಾದಕಿಯ ಎದುರು ನಿಂತಿದ್ದವನು ಅಲ್ಲಿಗೆ ಬಂದು ಹತ್ತೊಂಬತ್ತು ವರ್ಷವಾಗಿತ್ತು. ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಪದವಿ ಮಾಡಿಕೊಂಡವನು. ವಿಶ್ವವಿದ್ಯಾಲಯದಿಂದ ಬಂದವರು ಪದಗಳನ್ನು ಬರೆಯುತ್ತಿದ್ದರು, ಅವನು ಅವರ ಒತ್ತಕ್ಷರಗಳನ್ನು ತಿದ್ದುತ್ತಿದ್ದ. ಹಳದಿ ಚೀಟಿ ಮಾತ್ರ ಯಾರು ಬೇಕಾದರೂ ತಂದು ಪೆಟ್ಟಿಗೆಗೆ ಹಾಕಬಹುದಿತ್ತು. ಅದಕ್ಕೆಂದೇ ಅವನ ಅಂಗಿಯ ಜೇಬಿನಲ್ಲಿ ಸದಾ ಒಂದು ಹಳದಿ ಕಟ್ಟು, ಒಂದು ಮೋಟು ಪೆನ್ಸಿಲ್ಲು. ನಿಘಂಟಿನಲ್ಲಿ ಒಂದೊಂದು ಪದದ ವಿವರಣೆಯ ಕೊನೆಗೂ ಅದನ್ನು ಬರೆದವರ ಹೆಸರಿನ ಮೊದಲಕ್ಷರ ಸಣ್ಣ ಅಚ್ಚಿನಲ್ಲಿ ಬರುತ್ತದೆ. ಹತ್ತೊಂಬತ್ತು ವರ್ಷದಲ್ಲಿ ಅವನ ಅಕ್ಷರ ಒಮ್ಮೆಯೂ ಬಂದಿರಲಿಲ್ಲ. ಈ ಸಲ, ಇಬ್ಬರು ನಿವೃತ್ತರಾಗಿ ಒಬ್ಬರು ಕಾಯಿಲೆ ಬಿದ್ದ ಮೇಲೆ, ಅವನಿಗೆ ಮೊದಲ ಪದ ಸಿಕ್ಕಿತ್ತು. ಡರ್ತ್. ಆ ಪುಟ ಇಂದು ಸಂಜೆ ಐದಕ್ಕೆ ಅಚ್ಚಿಗೆ ಹೋಗಬೇಕಾಗಿತ್ತು.

“ಈ ‘ಮಹಿಳೆ, ಕ್ಲಿನಿಕ್ ನೌಕರರು’ ಯಾರು?” ಸಂಪಾದಕಿ ಚೀಟಿಗಳನ್ನು ಇಸ್ಪೀಟಿನ ಹಾಗೆ ಹರಡಿದರು. “ಹದಿನಾಲ್ಕರಲ್ಲಿ ಒಂಬತ್ತು ಇವರದ್ದೇ.”

“ಪರಿಚಯದವರು.”

ಹೇಳಿದ ಮೇಲೆ ಅವನಿಗೇ ಬೆರಗಾಯಿತು. ಸುಳ್ಳು ಹೇಳಿರಲಿಲ್ಲ. ಹೆಂಡತಿ ಪರಿಚಯದವಳೇ ಅಲ್ಲವೆ?

“ತುಂಬಾ ಸುಖವಾಗಿರೋ ಹೆಂಗಸು ಅನ್ಸುತ್ತೆ.”

“ಹೌದು ಮೇಡಂ.”

“ಪುಣ್ಯವಂತರು. ಐದು ಗಂಟೆಯೊಳಗೆ ಅಷ್ಟು ಪುಣ್ಯ ಇಲ್ಲದೋರು ಯಾರನ್ನಾದ್ರೂ ಹುಡುಕಿ. ಇಲ್ಲಾಂದ್ರೆ ಪದನ ನಿಮ್ಮ ಪಕ್ಕದ ಮೇಜಿಗೆ ದಾಟಿಸ್ತೀನಿ. ಬೇಜಾರು ಮಾಡ್ಕೋಬೇಡಿ.”

ಅವನಿಗೆ ಬೇಜಾರಾಗಲಿಲ್ಲ. ಆಗಬೇಕಾಗಿತ್ತು ಎಂದು ಮಾತ್ರ ಅನ್ನಿಸಿತು.

ಪಕ್ಕದ ಮೇಜಿನವನಿಗೆ ಕಚೇರಿಯಲ್ಲಿ ಪೂರ್ಣವಿರಾಮ ಎಂದು ಅಡ್ಡಹೆಸರು. ಯಾವ ಮಾತು ಶುರುಮಾಡಿದರೂ ‘ಅಷ್ಟೇ’ ಎಂದು ಮುಗಿಸುತ್ತಿದ್ದ.

“ಏನಂತೆ?” ಎಂದ ಪೂರ್ಣವಿರಾಮ.

“ಕೊರತೆ ಸಾಲದಂತೆ.”

“ನಮ್ಮನೆಗೆ ಬನ್ನಿ ಸಾರ್. ಮೂಟೆಗಟ್ಲೆ ಇದೆ. ಹೊತ್ಕೊಂಡು ಹೋಗಿ.”

“ಹಾಗಾದ್ರೆ ಒಂದು ಹೇಳಿ.”

“ನೀವು ಹೇಳಿಸಬಾರದು, ನಾನು ಹೇಳಬಾರದು. ಸಂಪಾದಕರ ಬಾಯಿಂದ ಬಂದದ್ದು ಲೆಕ್ಕಕ್ಕಿಲ್ಲ ಅಂತ ನಿಯಮ ಇದೆಯಲ್ಲ.” ಪೂರ್ಣವಿರಾಮ ಕುರ್ಚಿಯನ್ನು ಹತ್ತಿರಕ್ಕೆಳೆದು ದನಿ ತಗ್ಗಿಸಿದ. “ಒಂದು ಕಟ್ಟಿಬಿಡಿ. ಎರಡು ತಪ್ಪು ಸೇರಿಸಿ ಕಟ್ಟಿ, ದೇವರಾಣೆಗೂ ಗೊತ್ತಾಗಲ್ಲ. ಅಷ್ಟೇ.”

“ಛೆ, ಛೆ.”

“ನೋಡಿ, ನಿಮ್ಮ ಪದ ನನಗೆ ಬರೋದು ನನಗೇ ಇಷ್ಟ ಇಲ್ಲ. ನನ್ನ ಮೇಜಿನ ಮೇಲೆ ಆಗ್ಲೇ ಸಾಲದ ‘ಡೆಟ್’ ಇದೆ, ಕೊಳೆಯೋ ‘ಡಿಕೇ’ ಇದೆ. ಮನೆಗೆ ಹೋದ್ರೆ ನಿದ್ದೆ ಬರಲ್ಲ. ಅಷ್ಟೇ.”

ಅವನು ನಕ್ಕು ಡರ್ತ್ ಪದದ ನೀಲಿ ಚೀಟಿಯನ್ನು ಇನ್ನೊಮ್ಮೆ ಓದಿದ. ಅದರ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು. ಪ್ರಿಯ ಎಂದೂ ತುಟ್ಟಿ ಎಂದೂ ಅರ್ಥವಿರುವ ಡಿಯರ್ ಎಂಬ ಪದದಿಂದ ಡರ್ತ್ ಹುಟ್ಟಿದ್ದು. ಮೊದಲು ಅದರ ಅರ್ಥ ಇಲ್ಲದಿರುವಿಕೆ ಅಲ್ಲ, ತುಟ್ಟಿಯಾಗಿರುವಿಕೆ. ಧಾನ್ಯ ತುಟ್ಟಿಯಾದ ಕಾಲಕ್ಕೆ ಡರ್ತ್ ಎಂದರು. ತುಟ್ಟಿಯಾದದ್ದು ಸಿಗದ್ದೂ ಆದ್ದರಿಂದ ನಿಧಾನವಾಗಿ ಸಿಗದಿರುವುದೇ ಅರ್ಥವಾಯಿತು. ಬೆಲೆ ಮರೆತುಹೋಯಿತು, ಇಲ್ಲ ಎನ್ನುವುದು ಉಳಿಯಿತು. ಕೊನೆಯ ಸಾಲನ್ನು ಅವನು ಬರೆದು ಹೊಡೆದುಹಾಕಿದ್ದ. ನಿಘಂಟಿಗೆ ಅದು ಸ್ವಲ್ಪ ಹೆಚ್ಚಾಯಿತು ಎನ್ನಿಸಿ.

ನಮ್ಮಲ್ಲೂ ಆ ಹಳೆಯ ಅರ್ಥ ಸಂಬಳದ ಕಾಗದದಲ್ಲಿ ತುಟ್ಟಿಭತ್ಯೆ ಎಂದು ಬದುಕಿದೆಯಲ್ಲ ಎಂದು ಹೊಳೆದಾಗ ಒಂದಿಡೀ ಸಂಜೆ ಖುಷಿಯಾಗಿದ್ದ. ಅದನ್ನು ಹೆಂಡತಿಗೂ ಹೇಳಿದ್ದ. ಅವಳು, “ಹೌದಾ? ಎಷ್ಟು ಚೆನ್ನಾಗಿದೆ,” ಎಂದಿದ್ದಳು.

ಊಟದ ಹೊತ್ತಿಗೆ ಡಬ್ಬಿಯನ್ನು ಬಿಚ್ಚದೆ ಬೀದಿಗಿಳಿದ. ಕೊರತೆ ಇರುವುದು ಬೀದಿಯಲ್ಲಿ ಎಂದು ಅವನಿಗೊಂದು ನಂಬಿಕೆ.

ಬೀಗ ರಿಪೇರಿಯವನ ಪಕ್ಕದಲ್ಲಿ ನಿಂತ. ಅವನು ಅರದಿಂದ ಕೀಲಿ ಉಜ್ಜುತ್ತ ಏನೋ ಗುನುಗುತ್ತಿದ್ದ.

“ಏನು, ಬೀಗ ಕೈ ಕೊಡ್ತಾ?”

“ಇಲ್ಲ, ಸುಮ್ಮನೆ ನಿಂತೆ. ಹೇಗಿದೆ ವ್ಯಾಪಾರ?”

“ಜನ ಕೀಲಿ ಕಳೀತಾನೇ ಇರ್ತಾರೆ, ನಾನು ಮಾಡ್ತಾನೇ ಇರ್ತೀನಿ. ನಂಗೇನು ಕೊರತೆ?”

ಕೈ ಜೇಬಿಗೆ ಹೋಯಿತು, ವಾಪಸು ಬಂತು. ಹದಿನೈದನೆಯದೂ ಅದೇ ಜಾತಿ. 

ಬೇಕರಿಯ ಸಾಲಿನಲ್ಲಿ ನಿಂತ. ಮುಂದಿದ್ದ ಮುದುಕಿಗೆ ಮಾರುವವನು ಬ್ರೆಡ್ ಖಾಲಿ ಎಂದ. “ಖಾಲೀನಾ? ನಾಳೆ ಬೆಳಿಗ್ಗೆಗೆ ಏನು ತಿನ್ಲಪ್ಪಾ?” ಎಂದಳು ಮುದುಕಿ. ಅವನು ಆ ಪದಕ್ಕಾಗಿ ಕಾದ. ಆಕೆ ಚೀಲ ಮಡಿಚಿಕೊಂಡು ಹೋದಳು. ಬಸ್ಸಿನ ನಿಲ್ದಾಣದಲ್ಲಿ ಒಬ್ಬ ಟೈಮೇ ಸಿಗಲ್ಲ ಎಂದ. ಇನ್ನೊಬ್ಬಳು ನಿದ್ದೆ ಸಾಲಲ್ಲ ಎಂದಳು. ಇಲ್ಲ, ಸಾಲದು, ಸಿಗಲ್ಲ, ಖಾಲಿ, ಮುಗಿದೋಯ್ತು. ನಿಜವಾಗಿ ಇಲ್ಲದವರು ಯಾರೂ ಕೊರತೆ ಎನ್ನುತ್ತಿರಲಿಲ್ಲ. ಆ ಪದ ಬಾಯಿಗೆ ಬರುವುದೇ ಅದು ತಮಗಿಲ್ಲ ಎಂದು ಹೇಳಿಕೊಳ್ಳುವಾಗ.

ಇದೊಂದು ಒಳ್ಳೆಯ ಗಮನಿಕೆ ಎಂದು ಅವನಿಗೆ ತೋರಿತು. ಬಳಕೆಯ ಟಿಪ್ಪಣಿಗೆ ಸೇರಿಸಬಹುದು. ಒಂದು ಕ್ಷಣ ತೃಪ್ತಿಯಾಯಿತು. ಆಮೇಲೆ ಗಡಿಯಾರ ನೋಡಿದ.

ಅಕ್ಕನಿಗೆ ಫೋನ್ ಮಾಡುವ ಯೋಚನೆ ಆಗ ಬಂತು. ಅವನನ್ನು ಬೆಳೆಸಿದವಳು ಅಕ್ಕ. ದೂರುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಮಂಡಿನೋವು, ಸೊಸೆ, ಮೇಲಿನ ಮನೆಯವರು, ಗ್ಯಾಸಿನ ಒಲೆ. ಫೋನ್ ಎತ್ತಿದರೆ ಒಂದು ಗಂಟೆಗೆ ಕಡಿಮೆಯಿಲ್ಲ ಎಂದೇ ಅವನು ಆರು ತಿಂಗಳಿಂದ ಮಾಡಿರಲಿಲ್ಲ.

“ಯಾರಿಗೇನಾಯ್ತು?” ಎಂದಳು ಅಕ್ಕ.

“ಯಾರಿಗೂ ಏನೂ ಆಗಿಲ್ಲ ಅಕ್ಕ. ಸುಮ್ಮನೆ ಮಾಡಿದೆ.”

“ಹಗಲು ಹೊತ್ತಲ್ಲಿ? ಸುಮ್ಮನೆ? ಕೆಲಸದಿಂದ ತೆಗೆದ್ರಾ?”

“ಇಲ್ಲ ಕಣೇ. ಹೇಗಿದ್ದೀಯ? ಮಂಡಿ?”

“ಇದೆ ಅದರ ಪಾಡಿಗೆ.”

“ಸೊಸೆ?”

“ಒಳ್ಳೇ ಹುಡುಗಿ, ಪಾಪ.”

ಅವನಿಗೆ ಗಾಬರಿಯಾಯಿತು. “ಮೇಲಿನ ಮನೆಯವರ ಗಲಾಟೆ?”

“ಖಾಲಿ ಮಾಡ್ಕೊಂಡು ಹೋದ್ರಲ್ಲೋ. ಈಗ ಎಷ್ಟು ನಿಶ್ಶಬ್ದ ಅಂದ್ರೆ, ಆ ಮಕ್ಕಳು ಓಡಾಡ್ತಿದ್ದಿದ್ರೆ ಚೆನ್ನಾಗಿತ್ತು ಅನ್ಸುತ್ತೆ.” ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ್ದು ಕೇಳಿಸಿತು. “ಈಗ ನೀನು ಫೋನ್ ಮಾಡಿದ್ದೀಯಲ್ಲ. ಇನ್ನೇನಾಗಬೇಕು ನನಗೆ?”

ಅವನು ‘ಮತ್ತೆ ಮಾಡ್ತೀನಿ’ ಎಂದು ಇಟ್ಟ. ಎಂಟು ನಿಮಿಷವೂ ಆಗಿರಲಿಲ್ಲ.

ಮೇಜಿಗೆ ಬಂದು, ಪೂರ್ಣವಿರಾಮ ಕುರ್ಚಿಯಲ್ಲಿಲ್ಲದ್ದನ್ನು ಖಚಿತಪಡಿಸಿಕೊಂಡು, ಹರುಕು ಕಾಗದದ ಮೇಲೆ ಬರೆದ: ‘ನನಗೆ’. ಒಂದಿಷ್ಟು ಜಾಗ ಬಿಟ್ಟು, ‘ಕೊರತೆ ಇದೆ.’ ಚೀಟಿಗೆ ಹಾಕಲಿಕ್ಕಲ್ಲ. ಕಟ್ಟಲು ಬರುತ್ತದೆಯೋ ಇಲ್ಲವೋ ನೋಡಲಿಕ್ಕೆ.

ನಡುವಿನ ಜಾಗವನ್ನು ನೋಡುತ್ತ ಕೂತ. ಮನೆಯಿದೆ, ಎರಡು ಕೋಣೆಯದು, ಬೆಳಕು ಚೆನ್ನಾಗಿ ಬರುತ್ತದೆ. ಮಗಳು ಹಾಸ್ಟೆಲಿನಲ್ಲಿದ್ದುಕೊಂಡು ನರ್ಸಿಂಗ್ ಓದುತ್ತಿದ್ದಾಳೆ, ಭಾನುವಾರ ಮಾತಾಡುತ್ತಾಳೆ. ಆರೋಗ್ಯ ಚೆನ್ನಾಗಿದೆ. ಮಲಗಿದರೆ ನಿದ್ದೆ. ಹೆಂಡತಿಯ ಜೊತೆ ಜಗಳವಾಡಿದ ನೆನಪಿಲ್ಲ. ಊಟ ರುಚಿಯಾಗಿರುತ್ತದೆ. ಸ್ನೇಹಿತರು? ಇದ್ದಾರೆ, ಅಂದರೆ ಕಂಡರೆ ನಿಲ್ಲುತ್ತಾರೆ. ಅವನು ಒಂದೊಂದನ್ನೇ ಆ ಖಾಲಿ ಜಾಗದಲ್ಲಿಟ್ಟು ನೋಡಿದ. ಯಾವುದೂ ಅಲ್ಲಿ ನಿಲ್ಲಲಿಲ್ಲ. ತಾನೊಬ್ಬ ಸುಖಿ. ಈ ತೀರ್ಮಾನ ಅವನನ್ನು ಕುರ್ಚಿಯಲ್ಲಿ ಒಮ್ಮೆ ಹಿಂದಕ್ಕೊರಗಿಸಿತು. ಮರುಗಳಿಗೆ ಇನ್ನೊಂದು ಯೋಚನೆ ಬಂತು. ಸುಖಿಯೇ, ಅಥವಾ ಹುಡುಕಲು ಬರುವುದಿಲ್ಲವೆ? ಕಾಗುಣಿತ ತಿದ್ದುವವನ ಕಣ್ಣು ಇರುವ ಅಕ್ಷರಗಳಲ್ಲಿ ತಪ್ಪು ಹುಡುಕುತ್ತದೆ. ಬಿಟ್ಟುಹೋದ ಸಾಲು ಅದಕ್ಕೆ ಸಿಕ್ಕುವುದಿಲ್ಲ.

ಕೈಗೆ ಕೆಲಸ ಬೇಕೆಂದು ಹೆಂಡತಿಯ ಆ ಒಂಬತ್ತು ಚೀಟಿಗಳನ್ನು ದಿನಾಂಕದ ಪ್ರಕಾರ ಜೋಡಿಸಿದ.

ಒಂಬತ್ತರಲ್ಲೂ ಒಂದೇ ವಾಕ್ಯ. ‘ಯಾವುದಕ್ಕೂ ಕೊರತೆಯಿಲ್ಲ.’ ಒಂದರಲ್ಲಿ ಹಿಂದೆ ‘ಅಯ್ಯೋ’ ಇತ್ತು, ಇನ್ನೊಂದರಲ್ಲಿ ಮುಂದೆ ‘ನೀವು ಹೋಗಿ ಬನ್ನಿ’ ಇತ್ತು. ಅವನು ಪ್ರಾಮಾಣಿಕ. ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದಿದ್ದ.

ಮೂರನೆಯ ಚೀಟಿಯ ದಿನಾಂಕ ಎಲ್ಲೋ ನೋಡಿದ ಹಾಗಿತ್ತು. ಯೋಚಿಸಿದ. ಅವಳ ತಾಯಿ ತೀರಿಕೊಂಡ ಮರುವಾರ. ಅವನು ಕಚೇರಿಗೆ ಹೊರಟು ಬಾಗಿಲಲ್ಲಿ ನಿಂತು, ಏನಾದರೂ ಬೇಕಾ ಎಂದು ಕೇಳಿದ್ದ. ಅವಳು ಗೋಡೆ ಕಡೆ ತಿರುಗಿ ಮಲಗಿದ್ದಳು. ಆ ವಾಕ್ಯ ಹೇಳಿದಳು. ಮೆಟ್ಟಿಲಿಳಿಯುತ್ತ ಅದನ್ನು ಬರೆದುಕೊಂಡದ್ದು, ಪೆನ್ಸಿಲ್ಲಿನ ಮೊನೆ ಮುರಿದದ್ದು ಅವನಿಗೆ ಸ್ಪಷ್ಟವಾಗಿ ನೆನಪಾಯಿತು. ಅವಳ ಮುಖ ನೆನಪಾಗಲಿಲ್ಲ.

ಆರನೆಯದು ಮಗಳನ್ನು ಹಾಸ್ಟೆಲಿಗೆ ಬಿಟ್ಟುಬಂದ ದಿನ. ಎಂಟನೆಯದು, ರೈಲು ನಿಲ್ದಾಣಕ್ಕೆ ಬಂದು ಕರೆದುಕೊಂಡು ಹೋಗುತ್ತೇನೆಂದು ಹೇಳಿ ಅವನು ಮರೆತ ದಿನ. ಅವಳು ಎರಡು ಚೀಲ ಹೊತ್ತು ನಡೆದುಕೊಂಡೇ ಬಂದಿದ್ದಳು.

ಹಳದಿ ಚೀಟಿಯಲ್ಲಿ ವಯಸ್ಸಿಗೆ, ಕಸುಬಿಗೆ, ದಿನಾಂಕಕ್ಕೆ ಜಾಗವಿದೆ. ಯಾಕೆ ಹೇಳಿದರು ಎನ್ನುವುದಕ್ಕೆ ಜಾಗವಿಲ್ಲ. ಇದು ಚೀಟಿಯ ದೋಷ ಎಂದು ಅವನು ಮೊದಲು ಅಂದುಕೊಂಡ. ಮುಂದಿನ ಸಭೆಯಲ್ಲಿ ಹೇಳಬೇಕು. ಹಾಗೆ ಅಂದುಕೊಳ್ಳುತ್ತಿರುವಾಗಲೇ ಎದ್ದು ನಿಂತಿದ್ದ.

“ಎಲ್ಲಿಗೆ? ಮೂರೂವರೆ ಆಯ್ತು,” ಎಂದ ಪೂರ್ಣವಿರಾಮ, ಕೈ ಒರೆಸಿಕೊಳ್ಳುತ್ತ ಬರುತ್ತ.

“ಹಲ್ಲಿನ ಡಾಕ್ಟರ ಹತ್ತಿರ.”

“ನೋವಾ?”

“ಗೊತ್ತಿಲ್ಲ.”

ಕ್ಲಿನಿಕ್ ನಡೆದುಹೋಗುವ ದೂರದಲ್ಲಿತ್ತು. ಇಷ್ಟು ಹತ್ತಿರ ಎಂದು ಅವನಿಗೆ ಗೊತ್ತಿರಲಿಲ್ಲ. ಹೆಂಡತಿ ಅಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅವನು ಒಳಗೆ ಕಾಲಿಟ್ಟದ್ದು ಇದೇ ಮೊದಲು. ಗೋಡೆಯುದ್ದಕ್ಕೂ ಕುರ್ಚಿಗಳು, ಕುರ್ಚಿಗಳಲ್ಲಿ ಕೆನ್ನೆ ಹಿಡಿದುಕೊಂಡ ಜನ. ಮೂಲೆಯಲ್ಲಿ ಗಾಜಿನ ಗೂಡು. ಗಾಜಿನಲ್ಲಿ ಬಾಯಿಯ ಮಟ್ಟಕ್ಕೆ ಒಂದು ದುಂಡನೆಯ ತೂತು. ಅದರ ಹಿಂದೆ ಅವನ ಹೆಂಡತಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದಳು.

“ಮೊದಲ ಸಲಾನಾ, ಮುಂಚೆ ಬಂದಿದ್ರಾ?” ಎಂದಳು, ತಲೆ ಎತ್ತದೆ.

“ನಾನು.”

ಪೆನ್ನು ನಿಂತಿತು. “ಅಯ್ಯೋ, ನೀವಾ! ಏನಾಯ್ತು? ಮಗಳು...”

“ಅವಳಿಗೇನೂ ಆಗಿಲ್ಲ. ಸುಮ್ಮನೆ ಬಂದೆ.”

“ಸುಮ್ಮನೆ ಬರೋ ಜಾಗಾನೇನ್ರೀ ಇದು?” ನಗುತ್ತ ಅವಳು ಸೆರಗಿನಿಂದ ಮೂಗಿನ ತುದಿ ಒತ್ತಿಕೊಂಡಳು. ಅವಳಿಗೆ ಖುಷಿಯಾಗಿತ್ತು. ಅದು ಯಾರಿಗಾದರೂ ಕಾಣುವಷ್ಟಿತ್ತು. 

ಹಿಂದಿನಿಂದ ಕೆನ್ನೆ ಊದಿದ ಒಬ್ಬ ಮನುಷ್ಯ, “ಸ್ವಾಮಿ, ಸ್ವಲ್ಪ...” ಎಂದ.

“ನೀವೂ ಒಂದು ಟೋಕನ್ ತಗೊಂಡು ಇಲ್ಲೇ ಪಕ್ಕಕ್ಕೆ ಕೂತ್ಕೊಳ್ಳಿ. ಇಲ್ಲಾಂದ್ರೆ ಇವರೆಲ್ಲ ನನ್ನ ಮೇಲೆ ಬೀಳ್ತಾರೆ,” ಎಂದು ಅವಳು ಒಂದು ಪ್ಲಾಸ್ಟಿಕ್ ಬಿಲ್ಲೆಯನ್ನು ತೂತಿನಿಂದ ಹೊರಗೆ ತಳ್ಳಿದಳು. ಇಪ್ಪತ್ತಮೂರು.

ಅವನು ಗಾಜಿಗಂಟಿದ ಕುರ್ಚಿಯಲ್ಲಿ ಕೂತ. ಕುತ್ತಿಗೆ ಓರೆ ಮಾಡಿದರೆ ತೂತು ಕಿವಿಗೆ ಹತ್ತಿರವಾಗುತ್ತಿತ್ತು. ಕೆನ್ನೆ ಊದಿದವನು ಇಪ್ಪತ್ತನಾಲ್ಕನ್ನು ಪಡೆದು ಅವನ ಆಚೆ ಕೂತ.

“ಊಟ ಮಾಡಿದ್ರಾ?” ಎಂದಳು.

“ಹೂಂ,” ಎಂದ. ಡಬ್ಬಿ ಮೇಜಿನ ಮೇಲೆ ಹಾಗೆಯೇ ಇತ್ತು. “ನಿನ್ನನ್ನ ಒಂದು ಕೇಳಬೇಕಿತ್ತು.”

“ಕೇಳಿ.”

“ನಿನಗೆ ಏನಾದ್ರೂ... ಕೊರತೆ ಇದೆಯಾ?”

ಪದವನ್ನು ತಾನೇ ಎತ್ತಿಕೊಟ್ಟದ್ದು ಹೇಳಿದ ಮೇಲೆ ಹೊಳೆಯಿತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನಿಯಮ ಮುರಿದಿದ್ದ.

ಅವಳು ಅವನನ್ನು ಒಂದು ಗಳಿಗೆ ನೋಡಿದಳು. “ಚೀಟಿಗಾ?”

“ಯಾವ ಚೀಟಿ?”

“ಹಳದೀದು.”

“ನಿನಗೆ ಗೊತ್ತಾ?”

“ಅಲ್ರೀ, ಇಷ್ಟು ವರ್ಷ ನಿಮ್ಮ ಅಂಗಿ ಒಗೀತಿರೋರು ಯಾರು? ಮೊದಮೊದಲು ಎಷ್ಟೋ ನೀರಲ್ಲಿ ಕರಗಿಹೋದ್ವು. ಆಮೇಲೆ ಜೇಬು ನೋಡಿ ನೆನೆಹಾಕೋದು ಕಲಿತೆ. ‘ಮಹಿಳೆ, ಕ್ಲಿನಿಕ್ ನೌಕರರು.’ ಯಾರಪ್ಪಾ ಈ ಮಹಾತಾಯಿ, ಇಷ್ಟೊಂದು ಮಾತಾಡ್ತಾಳೆ ಇವರ ಹತ್ರ ಅಂತ ಒಂದು ದಿನ ಪೂರ್ತಿ ಹೊಟ್ಟೆ ಉರ್ಕೊಂಡೆ. ಆಮೇಲೆ ಓದ್ತಾ ಓದ್ತಾ ನೋಡಿದ್ರೆ, ನಾನೇ!”

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಕೆನ್ನೆ ಊದಿದವನೂ ನಕ್ಕು, ‘ಅಮ್ಮಾ’ ಎಂದು ಕೆನ್ನೆ ಹಿಡಿದುಕೊಂಡ. ಅವನೂ ನಕ್ಕ. ನಗಬೇಕಾದ ವಿಷಯವೇ.

“ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀವು ಬರ್ಕೊಳ್ಳೋದು ಬಿಡ್ತಿದ್ರಿ. ಒಂದೊಂದು ಮಾತಿಗೆ ನಿಮ್ಮ ಮುಖ ಹೆಂಗೆ ಅರಳೋದು ಗೊತ್ತಾ! ಬೇರೆ ಯಾವುದಕ್ಕೂ ಹಾಗೆ ಅರಳಲ್ಲ. ಅದಕ್ಕೇ ನಾನೂ ಸ್ವಲ್ಪ ನೀಟಾಗಿ ಮಾತಾಡೋದು ಅಭ್ಯಾಸ ಮಾಡ್ಕೊಂಡೆ. ಅರ್ಧಂಬರ್ಧ ಹೇಳಿದ್ರೆ ನಿಮಗೆ ಉಪಯೋಗಕ್ಕೆ ಬರಲ್ವಲ್ಲ. ಇಪ್ಪತ್ತೊಂದು!”

ಇಪ್ಪತ್ತೊಂದು ಎದ್ದು ಒಳಗೆ ಹೋಯಿತು.

“ನೀಟಾಗಿ ಅಂದ್ರೆ?”

“ಅಂದ್ರೆ, ಮೊದಲೇ ಜೋಡಿಸಿಟ್ಕೊಂಡು. ಪಾತ್ರೆ ತೊಳೀತಾ, ಬಸ್ಸಲ್ಲಿ ಬರ್ತಾ. ನಾಳೆ ಇದನ್ನ ಹೇಳೋಣ ಅಂತ.”

“ಎಷ್ಟು?”

“ಎಷ್ಟು ಅಂದ್ರೆ? ಲೆಕ್ಕ ಇಟ್ಟಿದ್ದೀನಾ ನಾನು? ಹೆಚ್ಚುಕಡಿಮೆ ಎಲ್ಲಾನೂ.”

ಅಚ್ಚಾದ ಸಂಪುಟಗಳು ಅವನ ಕಣ್ಣಿಗೆ ಕಟ್ಟಿದವು. ಅಬಂಡನ್ಸ್, ಅಫೆಕ್ಷನ್, ಕಂಪ್ಯಾನಿಯನ್, ಕಂಟೆಂಟ್. ಓರೆ ಅಕ್ಷರದಲ್ಲಿ ಅಚ್ಚಾದ ಅವಳ ಉದಾಹರಣೆಗಳು. ಹೋದ ವರ್ಷ ಸಂಪಾದಕಿ ಅವುಗಳಲ್ಲೊಂದನ್ನು ಸಭೆಯಲ್ಲಿ ಓದಿ, ‘ಇದು ನೋಡಿ ಜೀವಂತ ಕನ್ನಡ’ ಎಂದಿದ್ದರು. ನಲವತ್ತು ವಾಕ್ಯ ಕಟ್ಟಿದವನು ಸಿಕ್ಕಿಬಿದ್ದಿದ್ದ. ನಾನೂರೋ ಐನೂರೋ ಕಟ್ಟಿದವಳು ಅಡುಗೆಮನೆಯಲ್ಲಿ ಆರಾಮವಾಗಿದ್ದಳು.

“ಆ ‘ಯಾವುದಕ್ಕೂ ಕೊರತೆಯಿಲ್ಲ’ ಅನ್ನೋದು?”

“ಚೆನ್ನಾಗಿತ್ತಲ್ವಾ? ಮೊದಲ ಸಲ ಹೇಳಿದಾಗ ನೀವು ಬಾಗಿಲಲ್ಲೇ ನಿಂತು ಬರ್ಕೊಂಡ್ರಿ. ಇವರಿಗೆ ಇದು ಹಿಡಿಸಿದೆ ಅಂತ ಗೊತ್ತಾಯ್ತು. ಆಮೇಲೆ ಏನು ಹೇಳಬೇಕು ಅಂತ ತೋಚದೇ ಇದ್ದಾಗೆಲ್ಲ ಅದನ್ನೇ ಹೇಳಿಬಿಡ್ತಿದ್ದೆ.” ಅವಳು ಹೊಸದಾಗಿ ಬಂದವರೊಬ್ಬರಿಗೆ ಬಿಲ್ಲೆ ಕೊಟ್ಟು ಮತ್ತೆ ತೂತಿನ ಹತ್ತಿರ ಬಂದಳು. “ಈಗ ಎಂಥದ್ದು ಬೇಕಾಗಿತ್ತು?”

“‘ಇದೆ’ ಅನ್ನೋದು. ಐದು ಗಂಟೆಯೊಳಗೆ. ಇಲ್ಲಾಂದ್ರೆ ಪದ ಬೇರೆಯವರಿಗೆ ಕೊಡ್ತಾರೆ. ನನ್ನ ಅಕ್ಷರ ಬರಲ್ಲ.”

“ಅಷ್ಟೇ ತಾನೇ? ಮುಖ ಯಾಕೆ ಸಪ್ಪೆ ಮಾಡ್ಕೊಂಡಿದ್ದೀರಿ? ಎರಡು ನಿಮಿಷ ಇರಿ. ಒಳ್ಳೇದೊಂದು ಜೋಡಿಸಿ ಕೊಡ್ತೀನಿ. ಇಪ್ಪತ್ತೆರಡು!”

ಅವಳು ರಿಜಿಸ್ಟರಿನ ಮೇಲೆ ಕಣ್ಣು ನೆಟ್ಟು ತುಟಿ ಅಲುಗಿಸತೊಡಗಿದಳು. ಅವನು ಆ ತುಟಿಗಳನ್ನು ನೋಡಿದ. ಹೀಗೆ ಇವಳು ಜೋಡಿಸುತ್ತಿದ್ದುದನ್ನು ತಾನು ದಿನವೂ ನೋಡಿರಬೇಕು, ಪ್ರಾರ್ಥನೆಯೋ ಲೆಕ್ಕವೋ ಅಂದುಕೊಂಡಿರಬೇಕು. ಒಪ್ಪಿಕೊಂಡುಬಿಟ್ಟರೆ ಎಲ್ಲವೂ ಸುಲಭ. ವಾಕ್ಯ ಸಿಗುತ್ತದೆ. ಅಕ್ಷರ ಅಚ್ಚಾಗುತ್ತದೆ. ಸಂಜೆ ಇಬ್ಬರೂ ಕೂತು ಇದನ್ನು ನೆನೆಸಿಕೊಂಡು ನಗಬಹುದು.

“ಜೋಡಿಸೋದು ಬೇಡ,” ಎಂದ.

“ಮತ್ತೆ?”

“ನಿಜವಾಗಿ ಇರೋದು ಹೇಳು.”

ಅವಳ ತುಟಿ ನಿಂತಿತು. ಮುಖದ ಮೇಲಿದ್ದ ನಗು ಹೋಗಲಿಲ್ಲ, ಆದರೆ ಅದನ್ನು ಹಿಡಿದುಕೊಂಡಿದ್ದದ್ದು ಏನೋ ಹೋಯಿತು. ಅವಳು ಗಾಜಿಗೆ ತೀರ ಹತ್ತಿರ ಬಂದಳು. ಇಷ್ಟು ಹತ್ತಿರದಿಂದ ಅವಳನ್ನು ನೋಡಿ ಎಷ್ಟು ಕಾಲವಾಯಿತೋ. ಹುಬ್ಬಿನ ಬಳಿ ಒಂದು ಮಚ್ಚೆ ಇತ್ತು. ಅದು ಮೊದಲಿನಿಂದಲೂ ಇತ್ತೋ, ಈಚಿನದೋ, ಅವನಿಗೆ ಹೇಳಲಾಗಲಿಲ್ಲ.

“ನಿಜವಾಗಿ ಅಂದ್ರೆ,” ಎಂದಳು, ಸಣ್ಣ ದನಿಯಲ್ಲಿ. “ನನಗೆ... ನೀವು...”

ಅವನು ಕಿವಿಯನ್ನು ತೂತಿಗೆ ಒತ್ತಿದ. ಒತ್ತಿದಾಗ ಅವಳ ಕಣ್ಣು ಕೆಳಗೆ ಹೋದದ್ದು ಗೊತ್ತಾಯಿತು. ಅವಳು ನೋಡುತ್ತಿದ್ದುದನ್ನು ಅವನೂ ನೋಡಿದ. ತೊಡೆಯ ಮೇಲೆ ಹಳದಿ ಕಟ್ಟು ಬಿಚ್ಚಿಕೊಂಡಿತ್ತು. ಬೆರಳುಗಳ ನಡುವೆ ಮೋಟು ಪೆನ್ಸಿಲ್ಲು ಸಿದ್ಧವಾಗಿತ್ತು. ಅವನು ತೆಗೆದಿರಲಿಲ್ಲ. ಕೈ ತಾನಾಗಿಯೇ ತೆಗೆದಿತ್ತು.

ಅವಳು ನೆಟ್ಟಗೆ ಕೂತಳು. ಊದಿದ ಕೆನ್ನೆಯವರಿಗೆ, ಮಕ್ಕಳನ್ನು ಎಳೆದುಕೊಂಡು ಬಂದವರಿಗೆ, ಎಲ್ಲರಿಗೂ ಕೊಡುವ ನಗೆಯನ್ನು ಅವನಿಗೂ ಕೊಟ್ಟಳು. ಅದರಲ್ಲಿ ಸಿಟ್ಟಿರಲಿಲ್ಲ.

“ಇಪ್ಪತ್ತಮೂರು,” ಎಂದಳು. ಯಾರೂ ಏಳಲಿಲ್ಲ. “ನಿಮ್ಮದೇ ರೀ. ಹೋಗಿ. ಡಾಕ್ಟರನ್ನ ಕಾಯಿಸಬಾರದು.”

“ನನಗೆ ಹಲ್ಲುನೋವಿಲ್ಲವಲ್ಲ.”

“ಟೋಕನ್ ಇದೆಯಲ್ಲ. ರಿಜಿಸ್ಟರಿನಲ್ಲಿ ಬರೆದಾಗಿದೆ.”

ಕೆನ್ನೆ ಊದಿದವನು ಅಸೂಯೆಯಿಂದ ನೋಡಿದ. ಇಪ್ಪತ್ತಮೂರರ ಬಿಲ್ಲೆ ಹಿಡಿದು ಅವನು ಎದ್ದು ಒಳಗೆ ಹೋದ.

ಒಳಗೆ ತಣ್ಣಗಿತ್ತು. ಕುರ್ಚಿ ಮೆತ್ತಗಿತ್ತು. ಹಿಂದಕ್ಕೆ ಒರಗಿಸಿದಾಗ ಬೆನ್ನು ತಾನಾಗಿ ಸಡಿಲವಾಯಿತು. ಯಾರೋ ಎದೆಯ ಮೇಲೆ ಕಾಗದದ ಬಟ್ಟೆ ಹರಡಿದರು. ಗೋಡೆಯ ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತು. ಈಗ ಎದ್ದು ಹೋದರೂ ಸಮಯವಿತ್ತು. ಆದರೆ ಏಳುವ ಮನಸ್ಸಾಗಲಿಲ್ಲ. ಇಷ್ಟು ಹಿತವಾಗಿ ಅವನನ್ನು ಯಾರಾದರೂ ಮಲಗಿಸಿ ಬಹಳ ದಿನವಾಗಿತ್ತು.

“ನೀವು ನಮ್ಮ ಕೌಂಟರ್ ಮೇಡಂ ಅವರ ಯಜಮಾನರಲ್ವಾ?” ಡಾಕ್ಟರು ಕೈಗವಸು ಎಳೆದುಕೊಳ್ಳುತ್ತ ಕೇಳಿದರು. “ಯಾವಾಗ್ಲೂ ನಿಮ್ಮ ವಿಷಯ ಹೇಳ್ತಿರ್ತಾರೆ.”

“ಹೌದಾ? ಏನಂತ?”

“ಬಾಯಿ ತೆಗೀರಿ.”

ತೆಗೆದ. ಸಣ್ಣ ಕನ್ನಡಿಯೊಂದು ಒಳಗೆ ಹೋಯಿತು.

“ಎಲ್ಲಿ ನೋವು?” ಡಾಕ್ಟರು ಉಕ್ಕಿನ ಕಡ್ಡಿಯಿಂದ ಒಂದು ಹಲ್ಲನ್ನು ತಟ್ಟಿದರು. “ಇಲ್ಲೇನಾ?”

ಅವನು ಇಲ್ಲವೆಂದು ತಲೆಯಾಡಿಸಿದ.

“ಇಲ್ಲಿ?” ಟಕ್. “ಇಲ್ಲಿ?” ಟಕ್. “ಗಟ್ಟಿಯಾಗಿವೆ. ಒಂದೂ ಹೋಗಿಲ್ಲ ಈ ವಯಸ್ಸಿಗೆ. ಇಲ್ಲಿ?”

ಬಾಗಿಲಾಚೆ ಅವಳ ದನಿ ಕೇಳಿಸಿತು. “ಇಪ್ಪತ್ತನಾಲ್ಕು, ರೆಡಿ ಇರಿ.” ಸಾಧಾರಣವಾದ, ಕೊಂಚ ದಣಿದ ದನಿ. ಯಾರಿಗಾಗಿಯೂ ಜೋಡಿಸಿದ್ದಲ್ಲ. ಅವನು ಅದನ್ನು ಮತ್ತೊಮ್ಮೆ ಕೇಳಲು ಕಿವಿಗೊಟ್ಟ. ಮತ್ತೆ ಬರಲಿಲ್ಲ.

ಅವನಿಗೆ ಏನೋ ಹೇಳಬೇಕಾಗಿತ್ತು. ಗಂಟಲಿನಿಂದ ಒಂದು ಸ್ವರ ಹೊರಟು, ಬೆರಳಿಗೂ ಕನ್ನಡಿಗೂ ತಾಗಿ, ಆಕಾರವಿಲ್ಲದೆ ಬಿತ್ತು.

“ಮಾತಾಡಬೇಡಿ,” ಎಂದರು ಡಾಕ್ಟರು, ಪ್ರೀತಿಯಿಂದ. “ಏನಾದ್ರೂ ಇದ್ರೆ ನಾನೇ ಹುಡುಕ್ತೀನಿ. ಇನ್ನೂ ಅಗಲ ತೆಗೀರಿ.”

ತಲೆಯ ಮೇಲಿನ ದೀಪದ ಸುತ್ತ ಹೊಳೆಯುವ ಲೋಹದ ಅಂಚಿತ್ತು. ಅದರಲ್ಲಿ ಅವನಿಗೆ ತನ್ನ ಬಾಯಿ ಕಾಣಿಸಿತು. ತಲೆಕೆಳಗಾಗಿ, ಸಣ್ಣದಾಗಿ, ಸಾಲು ಸಾಲು ಬಿಳಿ ಹಲ್ಲು. ಎಲ್ಲವೂ ಇದ್ದವು. ನಡುವಿನ ಕತ್ತಲೆಯಲ್ಲಿ ಕನ್ನಡಿ ತಾಳ್ಮೆಯಿಂದ ಸುತ್ತುತ್ತಿತ್ತು. ಅವನು ಇನ್ನೂ ಅಗಲವಾಗಿ ತೆರೆದ.